ಫೆರುಚಿಯೊ ಲ್ಯಾಂಬೋರ್ಗಿನಿ

ಫೆರುಚಿಯೊ ಲ್ಯಾಂಬೋರ್ಗಿನಿ (28 ಏಪ್ರಿಲ್ 1916 – 20 ಫೆಬ್ರವರಿ 1993) ಇಟಲಿಯ ಯಂತ್ರತಜ್ಞ ಹಾಗೂ ಉದ್ಯಮಿ. ದ್ರಾಕ್ಷಿ ಬೆಳೆಯುವ ರೈತ ಕುಟುಂಬದಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ತಯಾರಿಕೆಯಿಂದ ಶ್ರೀಮಂತರಾದರು. 1963ರಲ್ಲಿ ತಮ್ಮದೇ ಹೆಸರಿನ ಸ್ಪೋರ್ಟ್ಸ್ ಕಾರು ಕಂಪನಿಯನ್ನು ಸ್ಥಾಪಿಸಿದರು. 1966ರಲ್ಲಿ ಈ ಕಂಪನಿ ಹೊರತಂದ ಮಿಯುರಾ ಎಂಬ ಕಾರು ರೂಪದಲ್ಲಿಯೂ ವೇಗದಲ್ಲಿಯೂ ಅಂದಿನ ಫೆರಾರಿ ಕಾರುಗಳಿಗೆ ಸರಿಸಾಟಿಯಾಗಿ ನಿಂತಿತು. ಅಂದಿನಿಂದ ಈ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಕಾರುಪ್ರಿಯರ ವಾಡಿಕೆಯಾಗಿದೆ. ಆದರೆ ಫೆರುಚಿಯೊ ಸ್ವತಃ ಕಟ್ಟಬಯಸಿದ್ದು ಮಿಯುರಾದಂತಹ ಕಾರನ್ನಲ್ಲ ಎಂಬುದು ಅವರ ಜೀವನದ ಕುತೂಹಲಕರ ಅಂಶ.

ಬಾಲ್ಯ ಮತ್ತು ಶಿಕ್ಷಣ

ಫೆರುಚಿಯೊ ಉತ್ತರ ಇಟಲಿಯ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದಲ್ಲಿ, ಚೆಂತೊ ಪಟ್ಟಣಕ್ಕೆ ಸೇರಿದ ರೆನಾಜ್ಜೊ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಅಂತೋನಿಯೊ, ತಾಯಿ ಎವೆಲಿನಾ. ಪೊ ನದಿಯ ಬಯಲಿಗೆ ಸೇರಿದ ಈ ಭಾಗ ಸಮತಟ್ಟಾದ, ಕಾಲುವೆಗಳಿಂದ ಕೂಡಿದ ಕೃಷಿಪ್ರದೇಶ. ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿರುಗುಪ್ಪ, ಕುರುಗೋಡು ಸೀಮೆಯನ್ನು ಬಲ್ಲವರಿಗೆ ಇಂತಹ ಊರುಗಳ ಬದುಕನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಬಿತ್ತನೆ, ಕಟಾವುಗಳ ಲೆಕ್ಕದಲ್ಲಿ ವರ್ಷ ಕಳೆಯುವ ಊರದು. ಹೊಲದಲ್ಲಿ ಯಂತ್ರ ಕೆಟ್ಟು ನಿಂತರೆ ದುರಸ್ತಿ ಬಲ್ಲವನಿಗೆ ಎಲ್ಲಿಲ್ಲದ ಬೆಲೆ.

ಬಾಲಕ ಫೆರುಚಿಯೊಗೆ ಬೇಸಾಯಕ್ಕಿಂತ ಬೇಸಾಯದ ಯಂತ್ರಗಳಲ್ಲಿಯೇ ಹೆಚ್ಚು ಆಸಕ್ತಿಯಿತ್ತು. ಈ ಒಲವನ್ನು ಗಮನಿಸಿದ ಮನೆಯವರು ಅವರನ್ನು ಬೊಲೊನ್ಯಾ ನಗರದ ಸಮೀಪದ ತಾಂತ್ರಿಕ ಶಾಲೆಯೊಂದಕ್ಕೆ ಸೇರಿಸಿದರು.

ಯುದ್ಧಕಾಲ

1940ರಲ್ಲಿ ಫೆರುಚಿಯೊ ಇಟಲಿಯ ವಾಯುಪಡೆಗೆ ಸೇರಬೇಕಾಯಿತು. ಅವರನ್ನು ಏಜಿಯನ್ ಸಮುದ್ರದ ರೋಡ್ಸ್ ದ್ವೀಪಕ್ಕೆ ಕಳುಹಿಸಲಾಯಿತು. ಅಲ್ಲಿನ ಸೇನಾ ವಾಹನಗಳ ದುರಸ್ತಿ ಘಟಕದಲ್ಲಿ ಮೆಕ್ಯಾನಿಕ್ ಆಗಿ ದುಡಿದು, ಮುಂದೆ ಆ ಘಟಕದ ಮೇಲ್ವಿಚಾರಣೆಯನ್ನೂ ವಹಿಸಿಕೊಂಡರು. ದ್ವೀಪಕ್ಕೆ ಹೊರಗಿನಿಂದ ಬಿಡಿಭಾಗಗಳು ಬರುವುದು ಅಪರೂಪವಾಗಿದ್ದ ಕಾಲದಲ್ಲಿ, ಒಂದು ವಾಹನದ ಭಾಗವನ್ನು ಇನ್ನೊಂದಕ್ಕೆ ಒಗ್ಗಿಸಿ ಓಡಿಸುವ ಕೌಶಲ ಅವರಿಗೆ ಸಿದ್ಧಿಸಿತು. 1945ರಲ್ಲಿ ಯುದ್ಧದ ಕೊನೆಗೆ ದ್ವೀಪವು ಬ್ರಿಟಿಷರ ವಶವಾದಾಗ ಸೆರೆಯಾಳಾದ ಅವರು ಮರುವರ್ಷ ಊರಿಗೆ ಮರಳಿದರು.

ಊರಿಗೆ ಬಂದವರೇ ಕ್ಲೇಲಿಯಾ ಮಾಂತಿ ಅವರನ್ನು ವಿವಾಹವಾದರು. ಪಿಯೇವೆ ದಿ ಚೆಂತೊ ಎಂಬಲ್ಲಿ ಸಣ್ಣದೊಂದು ಗ್ಯಾರೇಜು ತೆರೆದರು. 1947ರಲ್ಲಿ ಮಗ ತೊನಿನೊನ ಹೆರಿಗೆಯ ಸಮಯದಲ್ಲಿ ಕ್ಲೇಲಿಯಾ ತೀರಿಕೊಂಡರು.

ಟ್ರ್ಯಾಕ್ಟರ್ ಉದ್ಯಮ

ಯುದ್ಧಾನಂತರದ ಇಟಲಿಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇದ್ದವು. ರೈತರಿಗೆ ಉಳುಮೆಯ ಯಂತ್ರಗಳು ತುರ್ತಾಗಿ ಬೇಕಾಗಿದ್ದರೂ ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಇನ್ನೊಂದೆಡೆ, ಸೇನೆಗಳು ಬಿಟ್ಟುಹೋದ ಲಾರಿ, ಎಂಜಿನ್ ಮತ್ತು ಗೇರ್ ಬಾಕ್ಸ್‌ಗಳು ರಾಶಿರಾಶಿಯಾಗಿ ಗುಜರಿಯ ಬೆಲೆಗೆ ದೊರೆಯುತ್ತಿದ್ದವು. ಫೆರುಚಿಯೊ ಇವೆರಡನ್ನೂ ಜೋಡಿಸಿದರು. ಮಾರಿಸ್ ಲಾರಿಯ ಎಂಜಿನ್ನು ಹಾಗೂ ಇತರ ಹಳೆಯ ಭಾಗಗಳನ್ನು ಕೂಡಿಸಿ ಕಟ್ಟಿದ ಅವರ ಮೊದಲ ಟ್ರ್ಯಾಕ್ಟರಿಗೆ ಕಾರಿಯೋಕಾ ಎಂಬ ಹೆಸರು ಬಂತು.

ಈ ಯಂತ್ರದ ಯಶಸ್ಸಿಗೆ ಮುಖ್ಯ ಕಾರಣ ಇಂಧನವನ್ನು ಸೂಕ್ಷ್ಮ ಹನಿಗಳಾಗಿ ಸಿಂಪಡಿಸುವ ಒಂದು ಸಾಧನ. ಪೆಟ್ರೋಲ್ ಎಂಜಿನ್ನನ್ನು ಪೆಟ್ರೋಲಿನಿಂದಲೇ ಚಾಲೂ ಮಾಡಿ, ಬಿಸಿಯೇರಿದ ಮೇಲೆ ಅಗ್ಗದ ಡೀಸೆಲ್‌ಗೆ ಬದಲಾಯಿಸಿಕೊಳ್ಳಲು ಇದರಿಂದ ಸಾಧ್ಯವಾಯಿತು. ಪೆಟ್ರೋಲ್ ಬಹಳ ದುಬಾರಿಯಾಗಿದ್ದ ದಿನಗಳಲ್ಲಿ ರೈತನ ಲೆಕ್ಕಾಚಾರಕ್ಕೆ ಒಪ್ಪುವ ಉಪಾಯವಿದು. 1948ರಲ್ಲಿ ಚೆಂತೊದಲ್ಲಿ ಲ್ಯಾಂಬೋರ್ಗಿನಿ ಟ್ರ್ಯಾಕ್ಟರ್ ಕಂಪನಿ ಸ್ಥಾಪನೆಯಾಯಿತು.

ಅದೇ ವರ್ಷ ಅವರು ಮಿಲ್ಲೆ ಮಿಲ್ಯಾ ಎಂಬ ಪ್ರಸಿದ್ಧ ರಸ್ತೆ ಪಂದ್ಯದಲ್ಲಿಯೂ ಭಾಗವಹಿಸಿದರು. ಫಿಯಟ್ ಕಂಪನಿಯ ತೊಪೊಲಿನೊ ಎಂಬ ಪುಟ್ಟ ಕಾರನ್ನು ಬಿಚ್ಚಿ, ಎಂಜಿನ್ನನ್ನು 750 ಸಿಸಿಗೆ ಹಿಗ್ಗಿಸಿ, ಮೇಲ್ಛಾವಣಿಯಿಲ್ಲದ ಪಂದ್ಯದ ಕಾರನ್ನಾಗಿ ಮಾಡಿಕೊಂಡಿದ್ದರು. ಸುಮಾರು 1,100 ಕಿಲೋಮೀಟರ್ ಓಡಿದ ಮೇಲೆ ಟುರಿನ್ ಬಳಿಯ ಫಿಯಾನೊದಲ್ಲಿ ಕಾರು ಹಿಡಿತ ತಪ್ಪಿ ಊಟದ ಹೋಟೆಲೊಂದಕ್ಕೆ ನುಗ್ಗಿತು. ಅಲ್ಲಿಗೆ ಪಂದ್ಯದ ಆಸೆಯೂ ಮುಗಿಯಿತು. ಮುಂದೆ ತಮ್ಮ ಕಾರು ಕಂಪನಿಯನ್ನು ಅವರು ಪಂದ್ಯಗಳಿಂದ ದೂರವಿಟ್ಟದ್ದನ್ನು ಗಮನಿಸುವಾಗ ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು.

1950ರ ದಶಕದಲ್ಲಿ ಲ್ಯಾಂಬೋರ್ಗಿನಿ ಇಟಲಿಯ ದೊಡ್ಡ ಟ್ರ್ಯಾಕ್ಟರ್ ತಯಾರಕರ ಸಾಲಿಗೆ ಸೇರಿತು. ದಶಕ ಮುಗಿಯುವ ಹೊತ್ತಿಗೆ ಮನೆಗಳನ್ನು ಬೆಚ್ಚಗಿಡುವ ತೈಲ ಬರ್ನರ್‌ಗಳು ಮತ್ತು ಹವಾನಿಯಂತ್ರಣ ಯಂತ್ರಗಳ ತಯಾರಿಕೆಯೂ ಆರಂಭವಾಯಿತು. ಈ ಸಂಪಾದನೆಯೇ ಕಾರು ಸಾಹಸಕ್ಕೆ ಬಂಡವಾಳವಾಯಿತು.

ಫೆರಾರಿಯೊಂದಿಗಿನ ಮನಸ್ತಾಪ

ಹಣ ಬಂದ ಮೇಲೆ ಫೆರುಚಿಯೊ ಒಳ್ಳೆಯ ಕಾರುಗಳನ್ನು ಒಂದೊಂದಾಗಿ ಕೊಂಡರು. ಆಲ್ಫಾ ರೋಮಿಯೊ, ಲಾಂಚಿಯಾ, ಮರ್ಸಿಡಿಸ್ ಬೆಂಜ್ 300 ಎಸ್ಎಲ್, ಜಾಗ್ವಾರ್ ಇ-ಟೈಪ್, ಮಾಸೆರಾಟಿ 3500 ಜಿಟಿ ಇವೆಲ್ಲವೂ ಅವರ ಮನೆಯಲ್ಲಿದ್ದವು. 1958ರಿಂದ ಫೆರಾರಿ 250 ಜಿಟಿ ಕಾರುಗಳನ್ನೂ ಇಟ್ಟುಕೊಂಡಿದ್ದರು. ಎಲ್ಲವನ್ನೂ ತಾವೇ ಓಡಿಸಿ, ಬಿಚ್ಚಿ ನೋಡಿ, ಒಂದನ್ನು ಇನ್ನೊಂದರೊಂದಿಗೆ ತೂಗಿ ನೋಡುವ ಅಭ್ಯಾಸ ಅವರದು. ಇಂದಿನ ಕಾರು ವಿಮರ್ಶಕರು ಮಾಡುವ ಕೆಲಸವನ್ನೇ ಅವರು ಸ್ವಂತ ಹಣದಲ್ಲಿ ಮಾಡಿದರು ಎನ್ನಬಹುದು.

ಫೆರಾರಿಗಳ ಬಗ್ಗೆ ಅವರ ತೀರ್ಮಾನ ಮಿಶ್ರವಾಗಿತ್ತು. ಎಂಜಿನ್ನು ಉತ್ತಮವೆಂದು ಒಪ್ಪಿದರೂ, ಕಾರು ವಿಪರೀತ ಸದ್ದು ಮಾಡುತ್ತದೆ, ಒಳಾಂಗಣದ ಕೆಲಸ ಒರಟಾಗಿದೆ, ಪಂದ್ಯದ ಕಾರಿಗೇ ಒಂದಿಷ್ಟು ಮೆರುಗು ಕೊಟ್ಟು ರಸ್ತೆಗೆ ಬಿಟ್ಟಂತಿದೆ ಎಂಬುದು ಅವರ ಆಕ್ಷೇಪ. ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಕ್ಲಚ್. ಅದು ಪದೇ ಪದೇ ಕೆಡುತ್ತಿತ್ತು. ದುರಸ್ತಿಗೆ ಮಾರನೆಲ್ಲೊದಲ್ಲಿರುವ ಫೆರಾರಿ ಕಾರ್ಖಾನೆಗೇ ಒಯ್ಯಬೇಕಾಗುತ್ತಿತ್ತು.

ಮುಂದಿನ ಕಥೆ ಬಹಳ ಪ್ರಸಿದ್ಧ. ಫೆರುಚಿಯೊ ತಮ್ಮ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿಯೇ ಕ್ಲಚ್ಚನ್ನು ಬಿಚ್ಚಿಸಿ ನೋಡಿದಾಗ ಅದು ತಮ್ಮ ಟ್ರ್ಯಾಕ್ಟರುಗಳಿಗೆ ಹಾಕುವ ಕ್ಲಚ್ಚಿನಂತೆಯೇ ಇತ್ತೆಂದೂ, ಈ ದೂರನ್ನು ಎಂಜೊ ಫೆರಾರಿ ಅವರ ಮುಂದಿಟ್ಟಾಗ ಟ್ರ್ಯಾಕ್ಟರ್ ಓಡಿಸುವವರಿಗೆ ಫೆರಾರಿ ಓಡಿಸಲು ಬಾರದು ಎಂಬ ಅರ್ಥದ ಅವಮಾನಕರ ಉತ್ತರ ಬಂದಿತೆಂದೂ ಹೇಳಲಾಗುತ್ತದೆ. ಈ ಕಥೆಗೆ ಮುಖ್ಯ ಆಧಾರ ಫೆರುಚಿಯೊ ಅವರೇ ವರ್ಷಗಳ ನಂತರ ಹೇಳಿಕೊಂಡದ್ದು. ಹೇಳಿದಂತೆಲ್ಲ ವಿವರಗಳು ಬದಲಾಗಿವೆಯಾದ್ದರಿಂದ ಓದುಗರು ಇದನ್ನು ಅಕ್ಷರಶಃ ಸ್ವೀಕರಿಸಬೇಕಾಗಿಲ್ಲ. ಅವಮಾನವೊಂದರಿಂದಲೇ ಯಾರೂ ಕಾರ್ಖಾನೆ ಕಟ್ಟಲಾರರು. ಟ್ರ್ಯಾಕ್ಟರಿಗೆ ಬಳಸುವಂತಹ ಭಾಗಗಳನ್ನೇ ದುಬಾರಿ ಕಾರಿನಲ್ಲಿ ಹಾಕಿ ಹಲವು ಪಟ್ಟು ಬೆಲೆಗೆ ಮಾರಬಹುದೆಂಬ ವ್ಯಾಪಾರದ ಲೆಕ್ಕವೂ ಅವರ ತಲೆಯಲ್ಲಿತ್ತು.

ಕಾರು ಕಂಪನಿಯ ಸ್ಥಾಪನೆ

1963ರಲ್ಲಿ ಬೊಲೊನ್ಯಾ ಮತ್ತು ಮೊದೆನಾ ನಗರಗಳ ನಡುವಿನ ಸಾಂತ್ ಅಗಾತಾ ಬೊಲೊನ್ಯೇಸೆ ಎಂಬ ಊರಿನಲ್ಲಿ ಹೊಸ ಕಾರ್ಖಾನೆ ತಲೆಯೆತ್ತಿತು. ಅಲ್ಲಿಂದ ಮಾರನೆಲ್ಲೊ ದೂರವೇನಿಲ್ಲ. ಫೆರಾರಿಯಲ್ಲಿ ಕೆಲಸ ಮಾಡಿ ಹೊರಬಂದಿದ್ದ ಜೊತ್ತೊ ಬಿಜ್ಜಾರಿನಿ ಎಂಬ ಎಂಜಿನಿಯರರಿಗೆ 12 ಸಿಲಿಂಡರಿನ ಎಂಜಿನ್ ರೂಪಿಸುವ ಹೊಣೆ ವಹಿಸಲಾಯಿತು. ಸಾಟಿಯಾದ ಫೆರಾರಿ ಎಂಜಿನ್ನಿಗಿಂತ ಹೆಚ್ಚಾಗಿ ಬರುವ ಪ್ರತಿಯೊಂದು ಅಶ್ವಶಕ್ತಿಗೂ ಇಷ್ಟು ಎಂದು ಬೋನಸ್ ಕೊಡುವ ಕರಾರಿತ್ತು.

ಈ ಕರಾರಿನಿಂದಲೇ ಮೊದಲ ತೊಡಕು ಹುಟ್ಟಿತು. ಬಿಜ್ಜಾರಿನಿ 3.5 ಲೀಟರಿನ ಎಂಜಿನ್ನಿನಿಂದ ಆದಷ್ಟು ಶಕ್ತಿಯನ್ನು ಹಿಂಡಿದರು. ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದಾಗಲಷ್ಟೇ ಪೂರ್ಣ ಬಲ ಕೊಡುವ, ಬಹುಮಟ್ಟಿಗೆ ಪಂದ್ಯದ ಎಂಜಿನ್ನಾಗಿತ್ತು. ಫೆರುಚಿಯೊಗೆ ಬೇಕಾಗಿದ್ದುದು ಅದಲ್ಲ. ಸದ್ದು ಕಡಿಮೆಯಿರುವ, ದೂರದ ಪ್ರಯಾಣದಲ್ಲಿ ದಣಿಸದ, ದಿನನಿತ್ಯ ಬಳಸಿದರೂ ಕೆಡದ, ಆದರೆ ಬೇಕೆಂದಾಗ ಫೆರಾರಿಯನ್ನು ಹಿಂದಿಕ್ಕಬಲ್ಲ ಕಾರು ಅವರ ಮನಸ್ಸಿನಲ್ಲಿತ್ತು. ಬಿಜ್ಜಾರಿನಿ ಹೊರನಡೆದರು. ಎಂಜಿನ್ನನ್ನು ರಸ್ತೆಗೆ ಒಗ್ಗುವಂತೆ ಪಳಗಿಸುವ ಕೆಲಸ ಆಗಿನ್ನೂ ಎಳೆಯ ವಯಸ್ಸಿನವರಾಗಿದ್ದ ಜಾನ್‌ಪಾವ್ಲೊ ದಲ್ಲಾರಾ ಹಾಗೂ ಪಾವ್ಲೊ ಸ್ತಾನ್ಜಾನಿ ಅವರ ಪಾಲಿಗೆ ಬಂತು. ನ್ಯೂಜಿಲೆಂಡಿನ ಬಾಬ್ ವ್ಯಾಲೇಸ್ ಕಾರುಗಳನ್ನು ಓಡಿಸಿ ಪರೀಕ್ಷಿಸುವ ಚಾಲಕರಾಗಿ ಸೇರಿದರು.

1963ರ ಅಕ್ಟೋಬರಿನಲ್ಲಿ ಟುರಿನ್ ಪ್ರದರ್ಶನದಲ್ಲಿ ಮೊದಲ ಮಾದರಿಯಾದ 350 ಜಿಟಿವಿ ಜನರ ಮುಂದೆ ಬಂದಾಗ ಅದರೊಳಗೆ ಎಂಜಿನ್ನೇ ಇರಲಿಲ್ಲ. ಸಿದ್ಧಪಡಿಸಿದ್ದ ಎಂಜಿನ್ನು ಬಾನೆಟ್ಟಿನೊಳಗೆ ಹಿಡಿಸದ ಕಾರಣ, ತೂಕ ಸರಿದೂಗಿಸಲು ಭಾರ ತುಂಬಿ, ಪ್ರದರ್ಶನ ಮುಗಿಯುವವರೆಗೂ ಬಾನೆಟ್ ತೆರೆಯದಂತೆ ನೋಡಿಕೊಳ್ಳಲಾಯಿತು. ಮರುವರ್ಷ ತುರಿಂಗ್ ಸಂಸ್ಥೆ ಹೊರಮೈಯನ್ನು ತಿದ್ದಿ ರೂಪಿಸಿದ 350 ಜಿಟಿ ಮಾರಾಟಕ್ಕೆ ಬಂತು.

ತಾಂತ್ರಿಕವಾಗಿ ನೋಡಿದರೆ ಈ ಮೊದಲ ಕಾರೇ ಅಂದಿನ ಫೆರಾರಿಗಿಂತ ಒಂದು ಹೆಜ್ಜೆ ಮುಂದಿತ್ತು. ಫೆರಾರಿ 250 ಜಿಟಿಯ ಎಂಜಿನ್ನಿನಲ್ಲಿ ಸಿಲಿಂಡರುಗಳ ಪ್ರತಿ ಸಾಲಿಗೆ ಒಂದೇ ಕ್ಯಾಮ್‌ಶಾಫ್ಟ್ ಇದ್ದರೆ, ಲ್ಯಾಂಬೋರ್ಗಿನಿಯಲ್ಲಿ ಎರಡೆರಡರಂತೆ ನಾಲ್ಕಿದ್ದವು. ಫೆರಾರಿಯ ಹಿಂದಿನ ಗಾಲಿಗಳು ಒಂದೇ ಗಟ್ಟಿ ಅಚ್ಚಿಗೆ ಸೇರಿಕೊಂಡಿದ್ದರೆ, ಇಲ್ಲಿ ನಾಲ್ಕೂ ಗಾಲಿಗಳಿಗೆ ಸ್ವತಂತ್ರ ಸಸ್ಪೆನ್ಶನ್ ಇತ್ತು. ಫೆರಾರಿ ತನ್ನ ರಸ್ತೆ ಕಾರಿಗೆ ನಾಲ್ಕು ಕ್ಯಾಮ್‌ಶಾಫ್ಟ್ ಅಳವಡಿಸಿದ್ದು 1966ರ 275 ಜಿಟಿಬಿ/4 ಮಾದರಿಯಲ್ಲಿ. ರೂಪದ ಮಾತು ಬೇರೆ. ದುಂಡನೆಯ, ಸ್ವಲ್ಪ ಉಬ್ಬಿದಂತಿರುವ 350 ಜಿಟಿಯನ್ನು ಪಿನಿನ್‌ಫರೀನಾ ಸಂಸ್ಥೆ ರೂಪಿಸಿದ ಫೆರಾರಿಗಳ ಮುಂದೆ ನಿಲ್ಲಿಸಿದರೆ ಹೆಚ್ಚಿನವರ ಕಣ್ಣು ಫೆರಾರಿಯ ಕಡೆಗೇ ಹೋಗುತ್ತದೆ. 1964ರ ಕೊನೆಗೆ ಮಾರಾಟವಾದದ್ದು 13 ಕಾರುಗಳು ಮಾತ್ರ. ಫೆರಾರಿಯ ಬೆಲೆಗೆ ಸಮನಾಗಿಡಲು ಅವುಗಳನ್ನೂ ನಷ್ಟದಲ್ಲಿಯೇ ಮಾರಲಾಯಿತು.

ಮಿಯುರಾ

ದಲ್ಲಾರಾ, ಸ್ತಾನ್ಜಾನಿ ಮತ್ತು ವ್ಯಾಲೇಸ್ ಮೂವರೂ ಯುವಕರು, ಪಂದ್ಯದ ಹುಚ್ಚಿನವರು. ಕಚೇರಿಯ ಕೆಲಸ ಮುಗಿದ ಮೇಲೆ ಬಿಡುವಿನಲ್ಲಿ ಅವರು ಬೇರೊಂದು ಕಾರಿನ ನಕ್ಷೆ ಬರೆಯತೊಡಗಿದರು. ಅಂದಿನ ಪಂದ್ಯದ ಕಾರುಗಳಂತೆ ಇದರಲ್ಲಿ ಎಂಜಿನ್ನು ಚಾಲಕನ ಬೆನ್ನ ಹಿಂದೆ, ಹಿಂದಿನ ಗಾಲಿಗಳ ಮುಂದೆ ಇತ್ತು. 12 ಸಿಲಿಂಡರಿನ ಉದ್ದನೆಯ ಎಂಜಿನ್ನನ್ನು ಅಲ್ಲಿ ಹಿಡಿಸಲು ಅದನ್ನು ಅಡ್ಡಲಾಗಿ ಕೂರಿಸಿದರು. ಈ ಉಪಾಯಕ್ಕೆ ಪ್ರೇರಣೆ ಬ್ರಿಟನ್ನಿನ ಪುಟ್ಟ ಮಿನಿ ಕಾರು. ಮಿನಿಯಲ್ಲಿರುವಂತೆಯೇ ಇಲ್ಲಿಯೂ ಎಂಜಿನ್ನು ಮತ್ತು ಗೇರ್ ಬಾಕ್ಸ್ ಒಂದೇ ಎಣ್ಣೆಯನ್ನು ಹಂಚಿಕೊಳ್ಳುತ್ತಿದ್ದವು.

ಫೆರುಚಿಯೊ ಈ ಯೋಜನೆಯನ್ನು ಒಪ್ಪಿಕೊಂಡದ್ದು ಮಾರಾಟದ ಆಸೆಯಿಂದಲ್ಲ. ಕಂಪನಿಗೆ ಪ್ರಚಾರ ಸಿಕ್ಕರೆ ಸಾಕೆಂಬುದು ಅವರ ಎಣಿಕೆಯಾಗಿತ್ತು. 1965ರ ಟುರಿನ್ ಪ್ರದರ್ಶನದಲ್ಲಿ ಹೊರಮೈಯಿಲ್ಲದ ಬರಿಯ ಚಾಸಿಯನ್ನು ಇಟ್ಟಾಗಲೇ ಜನ ಮುತ್ತಿಕೊಂಡರು. ಹೊರಮೈ ರೂಪಿಸುವ ಕೆಲಸವನ್ನು ಬೆರ್ತೋನೆ ಸಂಸ್ಥೆ ವಹಿಸಿಕೊಂಡಿತು. ಅಲ್ಲಿ ವಿನ್ಯಾಸ ಮಾಡಿದವರು ಇನ್ನೂ ಮೂವತ್ತು ತುಂಬದ ಮಾರ್ಚೆಲ್ಲೊ ಗಂದಿನಿ. 1966ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಪೂರ್ಣಗೊಂಡ ಕಾರು ಕಾಣಿಸಿಕೊಂಡಿತು. ಕಾಳಗದ ಹೋರಿಗಳನ್ನು ಸಾಕುವ ಸ್ಪೇನಿನ ಮಿಯುರಾ ಮನೆತನದ ಹೆಸರನ್ನು ಅದಕ್ಕೆ ಇಡಲಾಯಿತು. ಫೆರುಚಿಯೊ ಅವರದು ವೃಷಭ ರಾಶಿ. ಕಂಪನಿಯ ಲಾಂಛನದಲ್ಲಿಯೂ ಹೋರಿಯೇ ಇದೆ. ನಂತರದ ಇಸ್ಲೆರೊ, ಎಸ್ಪಾಡಾ ಮುಂತಾದ ಹೆಸರುಗಳೂ ಹೋರಿಕಾಳಗದ ಲೋಕದಿಂದಲೇ ಬಂದವು.

ಮಿಯುರಾದ ಎತ್ತರ ಸುಮಾರು 105 ಸೆಂಟಿಮೀಟರ್ ಮಾತ್ರ. ಭತ್ತದ ಚೀಲ ಹೇರಿಕೊಂಡು ಸಿರುಗುಪ್ಪದಿಂದ ಬಳ್ಳಾರಿಗೆ ಹೊರಟ ಟ್ರ್ಯಾಕ್ಟರಿನ ಪಕ್ಕದಲ್ಲಿ ಇದನ್ನು ನಿಲ್ಲಿಸಿದರೆ, ಕಾರಿನ ಚಾವಣಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಿಂತಲೂ ತಗ್ಗಿನಲ್ಲಿರುತ್ತದೆ. ಒಂದೇ ಹೆಸರಿನ ಈ ಎರಡು ಯಂತ್ರಗಳ ನಡುವಿನ ಅಂತರ ಅಷ್ಟು. ಉದ್ದನೆಯ ಮುಂಭಾಗ, ಮಲಗಿದಂತಿರುವ ದೀಪಗಳು, ಅವುಗಳ ಸುತ್ತ ರೆಪ್ಪೆಯ ಕೂದಲಿನಂತೆ ಕಾಣುವ ಕಪ್ಪು ಪಟ್ಟಿಗಳು, ಹಿಂಬದಿಯ ಗಾಜಿನ ಬದಲಿಗೆ ಅಡ್ಡಪಟ್ಟಿಗಳ ಸಾಲು ಇವು ಅದರ ಗುರುತುಗಳು. ಕಾರುಗಳ ಇತಿಹಾಸದಲ್ಲಿ ಅತ್ಯಂತ ಸುಂದರವಾದವುಗಳ ಪಟ್ಟಿಯಲ್ಲಿ ಮಿಯುರಾದ ಹೆಸರು ಇಂದಿಗೂ ಬಿಟ್ಟುಹೋಗುವುದಿಲ್ಲ.

ಸಾಮರ್ಥ್ಯದಲ್ಲಿಯೂ ಅದು ಹಿಂದೆ ಬೀಳಲಿಲ್ಲ. 3.9 ಲೀಟರಿನ ಎಂಜಿನ್ನು 350 ಅಶ್ವಶಕ್ತಿ ಕೊಡುತ್ತಿತ್ತು. ಗಂಟೆಗೆ 270 ಕಿಲೋಮೀಟರಿಗೂ ಮೀರಿದ ಅದರ ವೇಗ, ಅಂದು ಅಂಗಡಿಯಲ್ಲಿ ಕೊಳ್ಳಬಹುದಾಗಿದ್ದ ಕಾರುಗಳಲ್ಲಿ ಅತ್ಯಧಿಕವೆಂದು ಹೆಸರಾಯಿತು. ಅದೇ ಕಾಲದ ಫೆರಾರಿ 275 ಜಿಟಿಬಿಯ ಎಂಜಿನ್ನು 3.3 ಲೀಟರಿನದು, 280 ಅಶ್ವಶಕ್ತಿಯದು. ಫೆರಾರಿ 1968ರಲ್ಲಿ 4.4 ಲೀಟರಿನ, 352 ಅಶ್ವಶಕ್ತಿಯ 365 ಜಿಟಿಬಿ/4 ಕಾರನ್ನು ಹೊರತಂದು ವೇಗದಲ್ಲಿ ಸರಿಗಟ್ಟಿತು. ಡೇಟೋನಾ ಎಂದು ಜನಪ್ರಿಯವಾದ ಈ ಕಾರಿನಲ್ಲಿ ಎಂಜಿನ್ನು ಮುಂದೆಯೇ ಇತ್ತು. 12 ಸಿಲಿಂಡರಿನ ಎಂಜಿನ್ನನ್ನು ಚಾಲಕನ ಹಿಂದಿಟ್ಟ ರಸ್ತೆ ಕಾರನ್ನು ಫೆರಾರಿ ನಿಯಮಿತವಾಗಿ ತಯಾರಿಸತೊಡಗಿದ್ದು 1973ರಲ್ಲಿ. ಈ ಒಂದು ವಿಷಯದಲ್ಲಿ ಟ್ರ್ಯಾಕ್ಟರ್ ತಯಾರಕರ ಕಂಪನಿಯೇ ದಾರಿ ತೋರಿತು.

ಆದರೂ ಅಂಕಿಗಳು ಪೂರ್ತಿ ಕಥೆ ಹೇಳುವುದಿಲ್ಲ. ಮಿಯುರಾದ ಪೆಟ್ರೋಲ್ ಟ್ಯಾಂಕು ಮುಂಭಾಗದಲ್ಲಿತ್ತು. ಅದು ಖಾಲಿಯಾಗುತ್ತ ಬಂದಂತೆ ಮೂತಿ ಹಗುರವಾಗಿ, ಅತಿ ವೇಗದಲ್ಲಿ ಗಾಳಿಗೆ ಮೇಲೇಳುವಂತಾಗಿ, ಸ್ಟೀರಿಂಗಿನ ಹಿಡಿತ ಸಡಿಲವಾಗುತ್ತಿತ್ತು. ಎಂಜಿನ್ನಿನ ಕಾವು ಮತ್ತು ಸದ್ದು ಕಿವಿಯ ಹಿಂದೆಯೇ ಇರುತ್ತಿದ್ದವು. ಕಾರ್ಬುರೇಟರುಗಳಿಂದ ಸೋರಿದ ಪೆಟ್ರೋಲಿಗೆ ಬೆಂಕಿ ತಗುಲಿ ಸುಟ್ಟುಹೋದ ಕಾರುಗಳೂ ಇವೆ. 1971ರ ಎಸ್‌ವಿ ಮಾದರಿಯ ಹೊತ್ತಿಗೆ ಹಲವು ದೋಷಗಳನ್ನು ಸರಿಪಡಿಸಿ, ಶಕ್ತಿಯನ್ನು 385 ಅಶ್ವಶಕ್ತಿಗೆ ಏರಿಸಲಾಯಿತು. ಡೇಟೋನಾ ನೋಡಲು ಇಷ್ಟು ಬೆರಗು ಹುಟ್ಟಿಸದಿದ್ದರೂ ದೂರದ ಓಟಕ್ಕೆ ಹೆಚ್ಚು ನಂಬಿಕೆಯ ಕಾರಾಗಿತ್ತು. ಫೆರಾರಿಯ ಮೇಲೆ ಫೆರುಚಿಯೊ ಹೊರಿಸಿದ್ದ ಆಕ್ಷೇಪಗಳನ್ನೆಲ್ಲ, ಅಂದರೆ ಸದ್ದು, ಸೆಕೆ, ಪಂದ್ಯದ ಕಾರಿನ ಒರಟುತನವನ್ನು, ಅವರದೇ ಮಿಯುರಾದ ಮೇಲೂ ಹೊರಿಸಬಹುದಾಗಿತ್ತು.

ಅವರ ಮನಸ್ಸಿಗೆ ಹತ್ತಿರವಾದ ಕಾರು 1968ರ ಎಸ್ಪಾಡಾ. ನಾಲ್ಕು ಜನ ಕೂರಬಹುದಾದ, ಮುಂಭಾಗದಲ್ಲಿ ಎಂಜಿನ್ನಿದ್ದ, ಆರಾಮವಾಗಿ ದೂರ ಸಾಗುವ ಈ ಕಾರನ್ನೂ ಗಂದಿನಿಯವರೇ ರೂಪಿಸಿದರು. 1978ರವರೆಗೆ 1,217 ಎಸ್ಪಾಡಾಗಳು ತಯಾರಾದವು. ಮಿಯುರಾಗಳ ಒಟ್ಟು ಸಂಖ್ಯೆ ಸುಮಾರು 760. ಕಂಪನಿಯನ್ನು ಹೆಚ್ಚು ಕಾಲ ಸಾಕಿದ್ದು ಎಸ್ಪಾಡಾ. ಆದರೆ ಲ್ಯಾಂಬೋರ್ಗಿನಿ ಎಂದೊಡನೆ ಜನ ನೆನೆಯುವುದು ಮಿಯುರಾವನ್ನು.

ಸಂಕಷ್ಟ ಮತ್ತು ನಿರ್ಗಮನ

ಕಾರಿನ ವ್ಯವಹಾರಕ್ಕೆ ಆಧಾರವಾಗಿದ್ದ ಟ್ರ್ಯಾಕ್ಟರ್ ಕಂಪನಿ 1970ರ ದಶಕದ ಆರಂಭದಲ್ಲಿ ಕುಸಿಯಿತು. ದಕ್ಷಿಣ ಆಫ್ರಿಕಾದ ಆಮದುದಾರರು ತಮ್ಮ ಬೇಡಿಕೆಯನ್ನು ರದ್ದುಪಡಿಸಿದರು. ಬೊಲಿವಿಯಾ ದೇಶದಲ್ಲಿ ಸೇನಾ ಕ್ರಾಂತಿಯಾಗಿ, ಹೊಸ ಸರ್ಕಾರ ಹಿಂದಿನವರು ಕೊಟ್ಟಿದ್ದ ದೊಡ್ಡ ಬೇಡಿಕೆಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಒಂದಿಷ್ಟು ಟ್ರ್ಯಾಕ್ಟರುಗಳು ಜಿನೋವಾ ಬಂದರಿನಲ್ಲಿ ಹಡಗು ಹತ್ತಲು ಸಿದ್ಧವಾಗಿದ್ದವು. ಕಾರ್ಮಿಕ ಸಂಘಟನೆಗಳು ಬಲವಾಗಿದ್ದ ಆ ದಿನಗಳಲ್ಲಿ ಕೆಲಸಗಾರರನ್ನು ಕಡಿತಗೊಳಿಸುವ ದಾರಿಯೂ ಇರಲಿಲ್ಲ.

1972ರಲ್ಲಿ ಫೆರುಚಿಯೊ ಕಾರು ಕಂಪನಿಯ ಶೇ. 51ರಷ್ಟು ಪಾಲನ್ನು ಸ್ವಿಟ್ಜರ್ಲೆಂಡಿನ ಉದ್ಯಮಿ ಜಾರ್ಜ್-ಆನ್ರಿ ರೊಸೆಟ್ಟಿಯವರಿಗೆ 6 ಲಕ್ಷ ಅಮೆರಿಕನ್ ಡಾಲರಿಗೆ ಮಾರಿದರು. ಮರುವರ್ಷ ಟ್ರ್ಯಾಕ್ಟರ್ ಕಂಪನಿ ಪ್ರತಿಸ್ಪರ್ಧಿಯಾದ ಸಾಮೆ ಸಂಸ್ಥೆಯ ಪಾಲಾಯಿತು. 1973ರ ತೈಲ ಬಿಕ್ಕಟ್ಟಿನಿಂದ ಪೆಟ್ರೋಲ್ ಕುಡಿಯುವ ಕಾರುಗಳನ್ನು ಕೇಳುವವರು ಕಡಿಮೆಯಾದರು. 1974ರಲ್ಲಿ ಉಳಿದ ಶೇ. 49ರಷ್ಟು ಪಾಲೂ ರೆನೆ ಲೈಮರ್ ಎಂಬವರ ಕೈಸೇರಿತು. ಮಿಯುರಾದ ಉತ್ತರಾಧಿಕಾರಿಯಾದ, ಬಾಗಿಲುಗಳು ಮೇಲಕ್ಕೆ ತೆರೆಯುವ ಕುಂತಾಶ್ ಕಾರು ಮಾರುಕಟ್ಟೆಗೆ ಬಂದದ್ದು ಅದೇ ವರ್ಷ.

ಕೊನೆಯ ದಿನಗಳು

ಉದ್ಯಮದಿಂದ ದೂರ ಸರಿದ ಫೆರುಚಿಯೊ ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯದ ತ್ರಾಸಿಮೆನೊ ಸರೋವರದ ಸಮೀಪ ತಾವು ಕೊಂಡಿದ್ದ ಜಮೀನಿನಲ್ಲಿ ನೆಲೆಸಿ, ತಂದೆಯ ಕಸುಬಾದ ದ್ರಾಕ್ಷಿ ಬೇಸಾಯಕ್ಕೆ ಮರಳಿದರು. ಅಲ್ಲಿ ತಯಾರಾದ ಕೆಂಪು ವೈನಿಗೆ ಮಿಯುರಾದ ರಕ್ತ ಎಂಬ ಅರ್ಥ ಬರುವ ಇಟಾಲಿಯನ್ ಹೆಸರಿಟ್ಟರು. ಮೊದಲ ಪತ್ನಿಯ ನಿಧನದ ನಂತರ ಅನ್ನೀತಾ ಬೊರ್ಗಾತ್ತಿ ಅವರನ್ನೂ, ಬಳಿಕ ಮರಿಯಾ ತೆರೇಸಾ ಕಾನೆ ಅವರನ್ನೂ ಅವರು ಮದುವೆಯಾಗಿದ್ದರು. ಮಗಳು ಪಾತ್ರೀಚಿಯಾ ಕೊನೆಯ ವಿವಾಹದ ಸಂತಾನ.

1993ರ ಫೆಬ್ರವರಿ 20ರಂದು ಪೆರುಜಾ ನಗರದ ಆಸ್ಪತ್ರೆಯಲ್ಲಿ, 76ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಹುಟ್ಟೂರಾದ ರೆನಾಜ್ಜೊದಲ್ಲಿ ಅವರ ಸಮಾಧಿಯಿದೆ.

ಅವರ ನಂತರ

ಕಾರು ಕಂಪನಿ 1978ರಲ್ಲಿ ದಿವಾಳಿಯಾಗಿ, ಹಲವು ಕೈ ಬದಲಾಯಿಸಿ, 1998ರಲ್ಲಿ ಜರ್ಮನಿಯ ಆಡಿ ಸಂಸ್ಥೆಯ ಒಡೆತನಕ್ಕೆ ಬಂತು. ಕಾರ್ಖಾನೆ ಈಗಲೂ ಸಾಂತ್ ಅಗಾತಾದಲ್ಲಿಯೇ ಇದೆ. ಭಾರತದಲ್ಲಿಯೂ ಈ ಕಾರುಗಳು ಮಾರಾಟವಾಗುತ್ತವೆ. ಬೆಂಗಳೂರಿನಲ್ಲಿ ಅವುಗಳ ಮಳಿಗೆಯಿದೆ. ಲ್ಯಾಂಬೋರ್ಗಿನಿ ಹೆಸರಿನ ಟ್ರ್ಯಾಕ್ಟರುಗಳೂ ಯುರೋಪಿನಲ್ಲಿ ಇಂದಿಗೂ ತಯಾರಾಗುತ್ತಿವೆ. ಸಾಮೆ ಸಂಸ್ಥೆ ಮುಂದೆ ಜರ್ಮನಿಯ ಡಾಯ್ಟ್ಸ್-ಫಾರ್ ಕಂಪನಿಯೊಂದಿಗೆ ಸೇರಿ ಬೆಳೆದಿದ್ದು, ಅದರ ಒಂದು ಕಾರ್ಖಾನೆ ತಮಿಳುನಾಡಿನ ರಾಣಿಪೇಟೆಯಲ್ಲಿದೆ. ಬೊಲೊನ್ಯಾ ಸಮೀಪದ ಫೂನೊ ಎಂಬಲ್ಲಿರುವ ಫೆರುಚಿಯೊ ಲ್ಯಾಂಬೋರ್ಗಿನಿ ವಸ್ತುಸಂಗ್ರಹಾಲಯದಲ್ಲಿ ಅವರ ಕಾರುಗಳ ಜೊತೆಗೆ ಟ್ರ್ಯಾಕ್ಟರುಗಳನ್ನೂ ಪ್ರದರ್ಶನಕ್ಕೆ ಇಡಲಾಗಿದೆ.